ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದೀರಾ?



ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರು ಮುಂಬಾಗಿಲಿಗೆ ಅಗುಳಿ ಹಾಕಿ, ಒಮ್ಮೆ ಹಿತ್ತಿಲ ಕಡೆಗೂ ಹೋಗಿ ಬರುತ್ತಾರೆ. ಬಾವಿಕಟ್ಟೆಯ ಕಡೆಗಿನ ಬಾಗಿಲು ಭದ್ರವಾಗಿದೆ ಎಂದು ಕಂಡ ಮೇಲೆಯೇ ಅವರಿಗೆ ನಿದ್ದೆ. ಇಷ್ಟು ಜಾಗ್ರತೆಯಿರುವ ನಮ್ಮ ಮನೆಗಳಲ್ಲಿ ಈಗ ಇನ್ನೊಂದು ಹಿತ್ತಿಲ ಬಾಗಿಲಿದೆ. ಅದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿದೆ. ಅದಕ್ಕೆ ‘ಬ್ಯಾಕ್‌ಡೋರ್’ ಎಂದು ಹೆಸರು.

ಹಿಂದಿನ ವೈರಸ್‌ಗಳು ಬಂದರೆ ಗೊತ್ತಾಗುತ್ತಿತ್ತು. ಫೈಲುಗಳು ಅಳಿಯುತ್ತಿದ್ದವು, ಪರದೆ ಹೆಪ್ಪುಗಟ್ಟುತ್ತಿತ್ತು. ಬ್ಯಾಕ್‌ಡೋರ್ ಹಾಗಲ್ಲ. ಅದು ಸದ್ದಿಲ್ಲದೆ ಒಳಗೆ ಕುಳಿತು, ದೂರದಲ್ಲಿರುವ ಯಾರೋ ಒಬ್ಬನಿಗೆ ಬಾಗಿಲು ತೆರೆದು ಕೊಡುವ ತಂತ್ರಾಂಶ. ಅದು ಒಳಬರುವುದು ಸಾಮಾನ್ಯವಾಗಿ ನಮ್ಮ ಕೈಯಿಂದಲೇ: ಪರಿಚಿತರ ಹೆಸರಿನಲ್ಲಿ ಬಂದ ಇಮೇಲಿನ ಲಗತ್ತು, ದುಡ್ಡು ಕೊಡದೆ ಇಳಿಸಿಕೊಂಡ ‘ಕ್ರ್ಯಾಕ್’ ತಂತ್ರಾಂಶ, ಯಾರೋ ಕೊಟ್ಟ ಪೆನ್‌ಡ್ರೈವ್. ಒಮ್ಮೆ ಒಳಹೊಕ್ಕರೆ, ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾನೂ ಏಳುವಂತೆ ವ್ಯವಸ್ಥೆ ಮಾಡಿಕೊಳ್ಳುತ್ತದೆ. ಆಮೇಲೆ ಒಳಗಿನಿಂದಲೇ ಹೊರಗಿನ ಒಡೆಯನಿಗೆ ಕರೆ ಕಳುಹಿಸುತ್ತದೆ. ಹೊರಗಿನಿಂದ ಬರುವವರನ್ನು ತಡೆಯುವ ಫೈರ್‌ವಾಲ್, ಒಳಗಿನಿಂದ ಹೋಗುವ ಕರೆಯನ್ನು ಬಹಳ ಸಲ ಪ್ರಶ್ನಿಸುವುದಿಲ್ಲ. ಮನೆಯಾಳೇ ಚಿಲಕ ತೆಗೆದರೆ ಕಾವಲುಗಾರ ಏನು ಮಾಡಿಯಾನು?

ಇದು ಎಲ್ಲೋ ದೂರದ ದೇಶದ ಕಥೆಯೆಂದು ತಿಳಿಯಬೇಡಿ. ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು ನೀವು ಮರೆತಿರಲಾರಿರಿ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದು, ಬಳಿಕ ಜಾರ್ಖಂಡಿನ ಆದಿವಾಸಿಗಳ ನಡುವೆ ಬಾಳಿದವರು ಅವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್ 8ರಂದು ರಾಷ್ಟ್ರೀಯ ತನಿಖಾ ದಳ ಅವರನ್ನು ಬಂಧಿಸಿತು. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಆ ಹಿರಿಯರು 2021ರ ಜುಲೈ 5ರಂದು, ಜಾಮೀನು ಸಿಗುವ ಮೊದಲೇ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ.

ಅವರ ವಿರುದ್ಧದ ಸಾಕ್ಷ್ಯಗಳಲ್ಲಿ ಕಂಪ್ಯೂಟರಿನಲ್ಲಿ ಸಿಕ್ಕಿದ ಕಡತಗಳೂ ಇದ್ದವು. ಪ್ರತಿವಾದಿ ವಕೀಲರ ಕೋರಿಕೆಯಂತೆ ಆ ಕಂಪ್ಯೂಟರಿನ ಪ್ರತಿಯನ್ನು ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯ ವರದಿ 2022ರ ಡಿಸೆಂಬರಿನಲ್ಲಿ ಹೊರಬಂತು. 2014ರ ಅಕ್ಟೋಬರಿನಿಂದ, ಕಂಪ್ಯೂಟರ್ ಜಪ್ತಿಯಾದ 2019ರ ಜೂನ್ 12ರವರೆಗೆ, ಅದರೊಳಗೆ ಹ್ಯಾಕರ್ ಇದ್ದ. ‘ನೆಟ್‌ವೈರ್’ ಎಂಬ ಬ್ಯಾಕ್‌ಡೋರ್ ಮೂಲಕ 40ಕ್ಕೂ ಹೆಚ್ಚು ಕಡತಗಳನ್ನು ಒಳಗೆ ಇರಿಸಿದ್ದ ಎಂದು ಅದು ಹೇಳಿತು. ಜಪ್ತಿಯ ಹಿಂದಿನ ರಾತ್ರಿ ತನ್ನ ಜಾಡು ಅಳಿಸಲು ಆತ ಯತ್ನಿಸಿದ್ದನೆಂದೂ ತಿಳಿಸಿತು. ಆತ ಯಾರೆಂದು ವರದಿ ಹೆಸರಿಸಲಿಲ್ಲ. ಅದೇ ಪ್ರಕರಣದ ರೋನಾ ವಿಲ್ಸನ್‌ರ ಕಂಪ್ಯೂಟರಿನ ಬಗ್ಗೆ ಆರ್ಸೆನಲ್ ಕೊಟ್ಟಿದ್ದ ವರದಿಯನ್ನು ತನಿಖಾ ದಳ ನ್ಯಾಯಾಲಯದಲ್ಲಿ ಆಕ್ಷೇಪಿಸಿತ್ತು ಎಂಬುದನ್ನೂ ಹೇಳಬೇಕು. ಆ ನೆಟ್‌ವೈರ್ ಗುಟ್ಟಿನ ಸಂತೆಯ ಸರಕೇನೂ ಆಗಿರಲಿಲ್ಲ. ಕಂಪ್ಯೂಟರ್ ನಿರ್ವಹಣೆಯ ಸಾಧನವೆಂಬ ಹೆಸರಿನಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿತ್ತು. 2023ರ ಮಾರ್ಚಿನಲ್ಲಿ ಪೊಲೀಸರು ಅದರ ಜಾಲತಾಣವನ್ನು ಮುಚ್ಚಿಸಿದರು.

ಇಲ್ಲಿ ನಾವು ಕಲಿಯಬೇಕಾದ ಮಾತು ಒಂದಿದೆ. ಕಳ್ಳ ಬಂದರೆ ಏನಾದರೂ ಒಯ್ಯುತ್ತಾನೆ ಎಂದಷ್ಟೇ ನಾವು ಹೆದರುತ್ತೇವೆ. ಹಿತ್ತಿಲ ಬಾಗಿಲಿನಿಂದ ಬಂದವನು ನಮ್ಮದಲ್ಲದ್ದನ್ನು ನಮ್ಮ ಮನೆಯಲ್ಲಿ ಇಟ್ಟು ಹೋಗಲೂ ಬಲ್ಲ. ಬ್ಯಾಂಕಿನ ಪಾಸ್‌ವರ್ಡ್, ಮಕ್ಕಳ ಫೋಟೋ, ಗಲ್ಫಿನಲ್ಲಿರುವ ಮಗನೊಡನೆ ಆಡುವ ಮಾತು, ಧರ್ಮಕೇಂದ್ರದ ಲೆಕ್ಕಪತ್ರ, ಇವೆಲ್ಲದರ ಜೊತೆಗೆ ನಮ್ಮ ಒಳ್ಳೆಯ ಹೆಸರೂ ಆ ಪೆಟ್ಟಿಗೆಯೊಳಗಿದೆ.

ಗುರುತಿಸುವುದು ಹೇಗೆ? ಆಂಟಿವೈರಸ್ ತಾನಾಗಿ ಆಫ್ ಆಗಿರುವುದು, ಮೌಸಿನ ಬಾಣ ತಾನೇ ಓಡಾಡುವುದು, ಕ್ಯಾಮೆರಾದ ದೀಪ ಕಾರಣವಿಲ್ಲದೆ ಹೊತ್ತಿಕೊಳ್ಳುವುದು, ನೀವು ಬರೆಯದ ಇಮೇಲ್ ಗೆಳೆಯರಿಗೆ ತಲುಪುವುದು – ಇವು ಸಂಶಯದ ಲಕ್ಷಣಗಳು. ಆದರೆ ಲಕ್ಷಣವಿಲ್ಲವೆಂದರೆ ರೋಗವಿಲ್ಲ ಎಂದು ಅರ್ಥವಲ್ಲ.

ಸಂಶಯ ಬಂದರೆ ಗಾಬರಿಯಾಗದೆ ಹೀಗೆ ಮಾಡಿ. ಮೊದಲು ವೈಫೈ ಆಫ್ ಮಾಡಿ, ಇಂಟರ್‌ನೆಟ್ ಕೇಬಲ್ ಕಳಚಿ. ಒಡೆಯನೊಡನೆ ಮಾತು ನಿಂತರೆ ಅವನ ಕೈ ಕಟ್ಟಿದಂತೆ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಹೋಗಿದ್ದರೂ, ಬೆದರಿಕೆ ಬಂದಿದ್ದರೂ ಏನನ್ನೂ ಅಳಿಸದೆ ಪೊಲೀಸರಿಗೆ ದೂರು ಕೊಡಿ. ಅಳಿಸಿದರೆ ನಿಮ್ಮ ಪರವಾದ ಸಾಕ್ಷ್ಯವೂ ಅಳಿಯುತ್ತದೆ.

ಎರಡನೆಯದಾಗಿ, ಸೋಂಕಿಲ್ಲದ ಬೇರೊಂದು ಫೋನ್ ಅಥವಾ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಏಕೆಂದರೆ ಉಳಿದೆಲ್ಲದರ ಬೀಗದ ಕೈ ಇಮೇಲಿನಲ್ಲಿದೆ. ಸೋಂಕಿರುವ ಯಂತ್ರದಲ್ಲೇ ಬದಲಿಸಿದರೆ ಹೊಸ ಕೀಲಿಯನ್ನೂ ಕಳ್ಳನಿಗೆ ಕೊಟ್ಟಂತಾಯಿತು.

ಮೂರನೆಯದಾಗಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಆಯ್ಕೆಗಳ ಪೈಕಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಯಂತ್ರ ಮರಳಿ ಆರಂಭವಾಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಎಚ್ಚರವಿರುವ ಕಳ್ಳ ಅಡಗಿಕೊಳ್ಳಬಲ್ಲ. ಅವನು ನಿದ್ದೆಯಲ್ಲಿರುವಾಗಲೇ ಹುಡುಕಬೇಕು. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಸಾಧನಗಳಿವೆ. ಬಳಿಕ, ನೀವು ಹಾಕಿಸದ ತಂತ್ರಾಂಶ, ಮುಖ್ಯವಾಗಿ ದೂರದಿಂದ ಯಂತ್ರ ನಡೆಸುವ ಸಾಧನ, ಇದ್ದರೆ ತೆಗೆದುಹಾಕಿ.

ಇಷ್ಟಾದರೂ ಪೂರ್ಣ ಭರವಸೆ ಬೇಕಾದರೆ ದಾರಿ ಒಂದೇ. ಫೋಟೋ ಮತ್ತು ಬರಹಗಳನ್ನು ಮಾತ್ರ ಬೇರೆ ಡ್ರೈವಿಗೆ ನಕಲಿಸಿ, ಡಿಸ್ಕನ್ನು ಪೂರ್ತಿ ಅಳಿಸಿ, ಅಸಲಿ ವಿಂಡೋಸನ್ನು ಹೊಸದಾಗಿ ಹಾಕಿಸಿ. ಹಳೆಯ ತಂತ್ರಾಂಶಗಳನ್ನು ನಕಲಿಸಬೇಡಿ. ಕಳ್ಳ ಅದರಲ್ಲೇ ಮರಳಿ ಬಂದಾನು. ನಕಲಿಸಿದ ಫೈಲುಗಳನ್ನು ತೆರೆಯುವ ಮುನ್ನ ಸ್ಕ್ಯಾನ್ ಮಾಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಹಾಕಿಸುವಾಗ ಇದು ನೆನಪಿರಲಿ.

ಮುಂದಕ್ಕೆ ಮೂರು ಅಭ್ಯಾಸ ಸಾಕು: ಅಪ್‌ಡೇಟನ್ನು ಮುಂದೂಡಬೇಡಿ, ಕ್ರ್ಯಾಕ್ ತಂತ್ರಾಂಶ ಬೇಡ, ಆಪ್ತರಿಂದ ಬಂದ ಅನಿರೀಕ್ಷಿತ ಲಗತ್ತನ್ನು ತೆರೆಯುವ ಮುನ್ನ ಅವರಿಗೊಂದು ಫೋನ್ ಮಾಡಿ. ಇಂದು ರಾತ್ರಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವಾಗ, ಆ ಇನ್ನೊಂದು ಬಾಗಿಲನ್ನೂ ಮಕ್ಕಳೊಡನೆ ಕುಳಿತು ಒಮ್ಮೆ ನೋಡಿ ಬನ್ನಿ.