ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಹೊಲಿಗೆ ಬಿಚ್ಚಿದ ಮೇಲೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಹೊಟ್ಟೆಯ ಮೇಲಿನ ಗಾಯಗಳು ಎರಡು ವಾರದಲ್ಲಿ ಮಾಯುತ್ತವೆ. ಒಳಗೆ ಕತ್ತರಿಸಿ ಪಿನ್ನು ಹೊಡೆದ ಜಠರ ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ತೂಕ ಇಳಿದು ಒಂದು ಹಂತಕ್ಕೆ ನಿಲ್ಲಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ವಿಟಮಿನ್ ಮಾತ್ರೆಗಳಿಗಂತೂ ಕೊನೆಯ ದಿನ ಎಂಬುದಿಲ್ಲ. ಚೇತರಿಕೆಗೆ ಹೀಗೆ ನಾಲ್ಕು ಗಡಿಯಾರಗಳಿವೆ. ರೋಗಿಯಾಗಲಿ ಮನೆಯವರಾಗಲಿ ಸಾಮಾನ್ಯವಾಗಿ ನೋಡುವುದು ಮೊದಲನೆಯದನ್ನು ಮಾತ್ರ. ತೊಂದರೆಗಳು ಹುಟ್ಟುವುದು ಹೆಚ್ಚಾಗಿ ಉಳಿದ ಮೂರರಲ್ಲಿ.

ಇಂದು ಹೆಚ್ಚಾಗಿ ನಡೆಯುವುದು ಎರಡು ಬಗೆಯ ಶಸ್ತ್ರಚಿಕಿತ್ಸೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಬಾಳೆಹಣ್ಣಿನಂಥ ಸಪೂರ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೆಯೇ ತಗ್ಗಿರುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಮೇಲಕ್ಕೆ ತಂದು ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರವೂ ಕರುಳಿನ ಮೊದಲ ಭಾಗವೂ ಒಳಗೇ ಇರುತ್ತವೆ, ಆದರೆ ತಿಂದದ್ದು ಅತ್ತ ಹಾಯುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ 1966ರಲ್ಲಿ ಬೈಪಾಸ್ ಶುರುಮಾಡಿದಾಗ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. ಈಗ ಎರಡೂ ಬಗೆಯ ಶಸ್ತ್ರಚಿಕಿತ್ಸೆಗಳು ನಾಲ್ಕಾರು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೊಸ್ಕೋಪ್ ಬಳಸಿ ನಡೆಯುತ್ತವೆ. ಆಸ್ಪತ್ರೆವಾಸ ಒಂದರಿಂದ ಮೂರು ದಿನಕ್ಕೆ ಇಳಿದಿರುವುದು ಇದರಿಂದಲೇ.

ಅರಿವಳಿಕೆ ಇಳಿದ ಕೆಲವೇ ಗಂಟೆಗಳಲ್ಲಿ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ನೋವಿನಲ್ಲಿರುವವರನ್ನು ಹೀಗೆ ನಡೆಸುವುದು ನೋಡುವ ಸಂಬಂಧಿಕರಿಗೆ ಕ್ರೂರವಾಗಿ ಕಾಣಬಹುದು. ಆದರೆ ದಪ್ಪ ದೇಹ ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಈ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳಿಗೆ ಇದೊಂದು ಮುಖ್ಯ ಕಾರಣ. ನಡಿಗೆ, ಕಾಲಿಗೆ ಬಿಗಿಯುವ ಕಾಲುಚೀಲ, ರಕ್ತ ತೆಳುವಾಗಿಸುವ ಹೆಪಾರಿನ್ ಇಂಜೆಕ್ಷನ್ ಇವೆಲ್ಲ ಅದನ್ನು ತಡೆಯಲಿಕ್ಕೆ. ಮೊದಲೆರಡು ದಿನ ಹೆಗಲು ನೋಯುವುದೂ ಉಂಟು. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲ ವಪೆಯನ್ನು ಕೆಣಕುವುದರಿಂದ ಬರುವ ನೋವು ಅದು. ಓಡಾಡಿದಂತೆ ತಾನೇ ಹೋಗುತ್ತದೆ.

ಹೋಗದೆ ಹೆಚ್ಚುತ್ತಿದ್ದರೆ ಮಾತು ಬೇರೆ. ಪಿನ್ನು ಹೊಡೆದ ಸಾಲಿನಲ್ಲಿ ಸೋರಿಕೆ ಆಗುವುದು ಅಪರೂಪ, ಆದರೆ ಆಯಿತೆಂದರೆ ಅಪಾಯ. ಅದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ, ಎಂದರೆ ರೋಗಿ ಮನೆಗೆ ಬಂದ ಮೇಲೆ, ಕಾಣಿಸಿಕೊಳ್ಳುತ್ತದೆ. ಜ್ವರಕ್ಕಿಂತ ಮೊದಲು ಸುಳಿವು ಕೊಡುವುದು ನಾಡಿ. ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ 120ರ ಮೇಲೆ ಬಡಿಯುವ ನಾಡಿ, ಏರುತ್ತಲೇ ಹೋಗುವ ಹೊಟ್ಟೆನೋವು, ಏದುಸಿರು, ಒಂದು ಕಾಲು ಮಾತ್ರ ಊದಿಕೊಳ್ಳುವುದು, ಗುಟುಕು ನೀರೂ ನಿಲ್ಲದಂಥ ವಾಂತಿ, ಕಪ್ಪು ಮಲ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗಬೇಕು. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗುವ ಅಭ್ಯಾಸ ಇಲ್ಲಿ ಪ್ರಾಣಕ್ಕೇ ಎರವಾದೀತು.

ಚೇತರಿಕೆಯ ಬಹುಪಾಲು ನಡೆಯುವುದು ಅಡುಗೆಮನೆಯಲ್ಲಿ. ಮೊದಲ ಒಂದೆರಡು ದಿನ ತಿಳಿನೀರಿನಂಥ ಪದಾರ್ಥಗಳು ಮಾತ್ರ: ನೀರು, ಸೋಸಿದ ಬೇಳೆಕಟ್ಟು, ತಿಳಿಮಜ್ಜಿಗೆ. ಅದೂ ಲೋಟ ಎತ್ತಿ ಕುಡಿಯುವಂತಿಲ್ಲ, ಗುಟುಕು ಗುಟುಕಾಗಿ. ಆಮೇಲೆ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ಸೂಪು, ಪ್ರೋಟೀನ್ ಪುಡಿ ಕಲಸಿದ ಪಾನೀಯ. ಮೂರು, ನಾಲ್ಕನೆಯ ವಾರ ನುಣ್ಣಗೆ ಅರೆದ ಆಹಾರ. ನಂತರ ತಿಂಗಳ ಮಟ್ಟಿಗೆ ಮೆತ್ತನೆಯದು. ಎಂಟು ವಾರದ ಹೊತ್ತಿಗೆ ಸಾಮಾನ್ಯ ಊಟ, ಆದರೆ ತಟ್ಟೆಯಲ್ಲಿ ಹಿಡಿಯಷ್ಟು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ದಿನಗಳ ಲೆಕ್ಕ ಹಿಂದುಮುಂದಾಗುತ್ತದೆ, ಕ್ರಮ ಮಾತ್ರ ಬದಲಾಗುವುದಿಲ್ಲ. ಚೆನ್ನಾಗಿದ್ದೇನೆ ಅನಿಸಿತೆಂದು ಒಂದು ಹಂತವನ್ನು ಹಾರಿ ಚಪಾತಿ ತಿಂದವರು ಎದೆಯ ಕೆಳಗೆ ಏನೋ ಸಿಕ್ಕಿಕೊಂಡಂತಾಗಿ, ಬಾಯಲ್ಲಿ ನೊರೆನೊರೆ ಜೊಲ್ಲು ತುಂಬಿ, ಕೊನೆಗೆ ವಾಂತಿ ಮಾಡಿಕೊಂಡು ಪಾಠ ಕಲಿಯುತ್ತಾರೆ.

ಕನ್ನಡ ನಾಡಿನ ಮನೆಗಳಲ್ಲಿ ಈ ಪಥ್ಯ ತೊಡಕಿಗೆ ಬೀಳುವುದು ಪದಾರ್ಥಗಳ ಕೊರತೆಯಿಂದಲ್ಲ, ಊಟದ ರೂಢಿಯಿಂದ. ಕಾಯಿಲೆ ಬಿದ್ದವರಿಗೆ ಗಂಜಿ ಕೊಡುವುದು ಎಲ್ಲರ ಮೊದಲ ಯೋಚನೆ. ಗಂಜಿ ಇಳಿಯಲು ಹಿತವೇ, ಆದರೆ ಅದರಲ್ಲಿರುವುದು ಹೆಚ್ಚಾಗಿ ಪಿಷ್ಟ. ಇಷ್ಟು ಚಿಕ್ಕದಾದ ಹೊಟ್ಟೆಯನ್ನು ಗಂಜಿಯೇ ತುಂಬಿಬಿಟ್ಟರೆ ದಿನಕ್ಕೆ ಬೇಕಾದ 60ರಿಂದ 80 ಗ್ರಾಂ ಪ್ರೋಟೀನಿಗೆ ಜಾಗವೇ ಉಳಿಯುವುದಿಲ್ಲ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜತೆಗೆ ಸ್ನಾಯುವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಮೊಟ್ಟೆಯನ್ನೂ ತಿನ್ನದವರು ತೊವ್ವೆ, ಗಟ್ಟಿ ಮೊಸರು, ಪನೀರುಗಳಿಂದಲೇ ಈ ಲೆಕ್ಕ ತುಂಬಿಸುವುದು ಕಷ್ಟ. ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಬೇಕಾಗುತ್ತದೆ. ತಟ್ಟೆಯಲ್ಲಿ ಮೊದಲು ಪಲ್ಯ, ಬೇಳೆ, ಮೊಟ್ಟೆ, ಮೀನು, ಅನ್ನ ಕೊನೆಗೆ ಎಂಬ ನಿಯಮವೂ ಇದಕ್ಕೇ. ಅನ್ನವೇ ಊಟವಾಗಿರುವ ಮನೆಯಲ್ಲಿ ಇದು ಚಿಕ್ಕ ಬದಲಾವಣೆಯಲ್ಲ.

ಇನ್ನು ಮುದ್ದೆ. ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದೇ ಅದರ ಕ್ರಮ. ಶಸ್ತ್ರಚಿಕಿತ್ಸೆ ಆದವರು ಪ್ರತಿ ತುತ್ತನ್ನೂ ಬಾಯಲ್ಲೇ ಪಾಯಸವಾಗುವಂತೆ ಅಗಿದು, ಒಂದೂಟಕ್ಕೆ ಇಪ್ಪತ್ತು-ಮೂವತ್ತು ನಿಮಿಷ ತೆಗೆದುಕೊಳ್ಳಬೇಕು. ಹೀಗಾಗಿ ಮುದ್ದೆಯ ಊರಿನವರಿಗೆ ರಾಗಿ ಮೊದಲು ಮರಳಿ ಬರುವುದು ತೆಳ್ಳನೆಯ ಅಂಬಲಿಯಾಗಿ. ಊಟದ ನಡುವೆ ನೀರು, ಕೊನೆಗೆ ಮಜ್ಜಿಗೆ ಎಂಬ ಪದ್ಧತಿಯನ್ನೂ ಬಿಡಬೇಕಾಗುತ್ತದೆ. ಊಟದ ಜತೆಗೆ ಕುಡಿದರೆ ಆಹಾರ ಬೇಗ ಕೆಳಗೆ ಜಾರುತ್ತದೆ ಅಥವಾ ಇದ್ದ ಜಾಗವನ್ನು ನೀರೇ ಹಿಡಿಯುತ್ತದೆ. ಉಂಡ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯುವುದು ಸರಿ. ದಿನಕ್ಕೆ ಒಂದೂವರೆ-ಎರಡು ಲೀಟರ್ ದ್ರವ ಹೋಗಲೇಬೇಕಾದ್ದರಿಂದ ಉಳಿದ ಹೊತ್ತೆಲ್ಲ ಬಾಟಲಿ ಕೈಯಲ್ಲೇ ಇರುತ್ತದೆ. ಮೊದಲ ತಿಂಗಳಲ್ಲಿ ಮತ್ತೆ ಆಸ್ಪತ್ರೆಗೆ ಬರುವವರಲ್ಲಿ ಅನೇಕರಿಗೆ ಆಗಿರುವುದು ಬರೀ ನಿರ್ಜಲೀಕರಣ. ಸೋಡಾ, ಕೋಲಾಗಳು ಬೇಡ.

ಬೈಪಾಸ್ ಆದವರಿಗೆ ಸಿಹಿಯೊಡನೆ ಹೊಸ ವೈರ ಹುಟ್ಟುತ್ತದೆ. ಎರಡು ಚಮಚ ಪಾಯಸ ಅಥವಾ ಅರ್ಧ ಹೋಳಿಗೆ ತಿಂದ ಅರ್ಧ ಗಂಟೆಯೊಳಗೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಕಿವುಚುವುದು, ಭೇದಿ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಸಕ್ಕರೆ ಅಂಶ ಜಠರದಲ್ಲಿ ನಿಲ್ಲದೆ ನೇರ ಕರುಳಿಗೆ ಸುರಿದಾಗ ಅದನ್ನು ತೆಳುಗೊಳಿಸಲು ರಕ್ತದಿಂದ ನೀರು ಕರುಳಿಗೆ ನುಗ್ಗುತ್ತದೆ. ಇನ್ನೊಂದು ಬಗೆ ತಡವಾಗಿ, ಉಂಡ ಒಂದರಿಂದ ಮೂರು ಗಂಟೆಯ ಮೇಲೆ ಬರುತ್ತದೆ. ಏರಿದ ಸಕ್ಕರೆಗೆ ಇನ್ಸುಲಿನ್ ಅತಿಯಾಗಿ ಸ್ರವಿಸಿ, ರಕ್ತದ ಸಕ್ಕರೆ ಕುಸಿದು, ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತದೆ. ಆಗ ಬಾಯಿಗೆ ಸಕ್ಕರೆ ಹಾಕಿಕೊಂಡರೆ ತಕ್ಷಣಕ್ಕೆ ಪಾರಾದರೂ ಅದೇ ಚಕ್ರ ಮತ್ತೆ ತಿರುಗೀತು. ಬೈಪಾಸ್ ಆದ ಎಲ್ಲರಿಗೂ ಡಂಪಿಂಗ್ ಆಗುವುದಿಲ್ಲ. ಸ್ಲೀವ್ ಆದವರಲ್ಲಿ ಇನ್ನೂ ಕಡಿಮೆ. ಸ್ಲೀವ್ ಆದವರನ್ನು ಕಾಡುವುದು ಹುಳಿತೇಗು, ಎದೆಯುರಿ. ಕೆಲವರಿಗೆ ಅದು ವರ್ಷಗಟ್ಟಲೆ ಉಳಿಯುತ್ತದೆ.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಬೇರೊಂದು ಬದಲಾವಣೆ ಬೆರಗು ಹುಟ್ಟಿಸುವಷ್ಟು ಬೇಗ ಬರುತ್ತದೆ. ತೂಕ ಇನ್ನೂ ನಾಲ್ಕು ಕಿಲೋ ಇಳಿಯುವ ಮೊದಲೇ ಅನೇಕರ ಇನ್ಸುಲಿನ್ ಪ್ರಮಾಣ ಅರ್ಧಕ್ಕಿಂತ ಕೆಳಗೆ ಹೋಗಿರುತ್ತದೆ. ಬೈಪಾಸ್ ಮಧುಮೇಹವನ್ನೇ ಹಿಮ್ಮೆಟ್ಟಿಸುತ್ತದೆ ಎಂಬುದನ್ನು ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಪೋರೀಸ್ 1995ರಲ್ಲಿ ವಿವರವಾಗಿ ಪ್ರಕಟಿಸಿದರು. ಕರುಳಿನ ಹಾರ್ಮೋನುಗಳ ಕಡೆಗೆ ಗಮನ ಹೊರಳಿದ್ದಕ್ಕೆ ಅದೂ ಒಂದು ಕಾರಣ. ಇದರ ಇನ್ನೊಂದು ಮುಖವೆಂದರೆ, ಹಳೆಯ ಚೀಟಿಯ ಪ್ರಕಾರವೇ ಸಕ್ಕರೆ, ಬಿಪಿ ಮಾತ್ರೆ ನುಂಗುತ್ತಿದ್ದರೆ ಎರಡೂ ಅಪಾಯಕಾರಿಯಾಗಿ ಕುಸಿಯಬಹುದು. ಮಾತ್ರೆಗಳನ್ನು ತಾವೇ ನಿಲ್ಲಿಸುವುದಲ್ಲ, ಮನೆಯಲ್ಲಿ ಅಳತೆ ಬರೆದಿಟ್ಟು ವೈದ್ಯರಿಂದ ಕಡಿಮೆ ಮಾಡಿಸಿಕೊಳ್ಳಬೇಕು. ಮೊಣಕಾಲು ನೋವಿಗೆಂದು ಹಿಂದೆ ನುಂಗುತ್ತಿದ್ದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೈಪಾಸ್ ಆದವರಿಗೆ ನಿಷಿದ್ಧ. ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಬೀಡಿ, ಸಿಗರೇಟಿನದೂ ಅದೇ ಕೆಲಸ.

ವಿಟಮಿನ್ ಮಾತ್ರೆಯನ್ನು ಟಾನಿಕ್ಕಿನಂತೆ ಬೇಕಾದಾಗ ತೆಗೆದುಕೊಳ್ಳುವ ವಸ್ತುವೆಂದು ತಿಳಿಯುವುದು ಈ ಚಿಕಿತ್ಸೆಯ ಅತಿ ಸಾಮಾನ್ಯ ತಪ್ಪು. ಬಿ12 ಹೀರಿಕೆಗೆ ಬೇಕಾದ ಆಮ್ಲವೂ ಪ್ರೋಟೀನೂ ಜಠರದಲ್ಲಿ ಹುಟ್ಟುವಂಥವು. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಬೈಪಾಸ್‌ನಲ್ಲಿ ದಾಟಿಹೋಗುವ ಕರುಳಿನ ಮೊದಲ ಭಾಗದಲ್ಲಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇರುವುದು ಸಾಮಾನ್ಯ. ಅವರಿಗೆ ಎರಡರಷ್ಟು ಎಚ್ಚರ ಬೇಕು. ಯಕೃತ್ತಿನಲ್ಲಿ ಇರುವ ದಾಸ್ತಾನು ಕರಗಲು ಒಂದೆರಡು ವರ್ಷ ಹಿಡಿಯುವುದರಿಂದ, ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಬರುತ್ತದೆ. ಆಮೇಲೆ ಪಾದ ಜೋಮು ಹಿಡಿಯುತ್ತದೆ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು, ಒಂದೇ ಸಲಕ್ಕಲ್ಲ, ಎರಡು-ಮೂರು ಕಂತಿನಲ್ಲಿ. ಆಮ್ಲ ಕಡಿಮೆಯಾದ ಹೊಟ್ಟೆಗೆ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪ ಒಗ್ಗುತ್ತದೆ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಬೇಕು. ಇವೆಲ್ಲಕ್ಕಿಂತ ಅವಸರದ್ದು ಬಿ1. ವಾರಗಟ್ಟಲೆ ವಾಂತಿ ಆಗುತ್ತಿದ್ದರೆ ದೇಹದ ಬಿ1 ಬೇಗ ಖಾಲಿಯಾಗಿ ನಡಿಗೆ ತೂರಾಡುತ್ತದೆ, ದೃಷ್ಟಿ ಎರಡಾಗುತ್ತದೆ, ನೆನಪು ಕದಡುತ್ತದೆ. ತಡವಾದರೆ ಹಾನಿ ಶಾಶ್ವತ.

ಮೂರನೆಯ ತಿಂಗಳ ಹೊತ್ತಿಗೆ ಬಾಚಣಿಗೆಯಲ್ಲಿ ಕೂದಲು ಮುಷ್ಟಿಗಟ್ಟಲೆ ಬರುತ್ತದೆ. ಗಾಬರಿಯಾಗುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಹೆರಿಗೆಯ ನಂತರ, ದೊಡ್ಡ ಜ್ವರದ ನಂತರ ಉದುರುವಂತೆಯೇ ಇದೂ. ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಹೆಚ್ಚು. ಅದನ್ನು ತಡೆಯಲು ಆರು ತಿಂಗಳು ಅರ್ಸೊಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡುವ ವಾಡಿಕೆ ಇದೆ.

ಕುಳಿತು ಮಾಡುವ ಕೆಲಸಕ್ಕೆ ಎರಡು-ಮೂರು ವಾರಕ್ಕೆ ಹಿಂತಿರುಗಬಹುದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಗುವನ್ನು ಎತ್ತುವುದು ಆರು ವಾರ ಬೇಡ. ನಡಿಗೆ ಮೊದಲ ದಿನದಿಂದಲೂ ಸರಿ. ಆರು ವಾರದ ಮೇಲೆ ಸ್ನಾಯು ಬಲಪಡಿಸುವ ವ್ಯಾಯಾಮ ಸೇರಿಸದಿದ್ದರೆ ಇಳಿದ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚಾಗುತ್ತದೆ.

ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ನಾಲ್ಕು ತುತ್ತಿಗೆ ನಿಲ್ಲಿಸುವವರನ್ನು ಬಡಿಸುವವರು ಸುಮ್ಮನೆ ಬಿಡುವುದಿಲ್ಲ. ಇಷ್ಟೇ ತಿಂದರೆ ಹೇಗೆ ಎಂಬ ಒತ್ತಾಯ, ಮುಖ ಬಾಡಿಹೋಗಿದೆಯಲ್ಲ ಎಂಬ ಅನುಕಂಪ, ಶಾರ್ಟ್‌ಕಟ್ ಹಿಡಿದರು ಎಂಬ ಕೊಂಕು ಎಲ್ಲವನ್ನೂ ಕೇಳಬೇಕಾಗುತ್ತದೆ. ಬೇಸರಕ್ಕೂ ಸಂತೋಷಕ್ಕೂ ತಿನ್ನುತ್ತಿದ್ದವರಿಗೆ ಆ ದಾರಿ ಮುಚ್ಚಿದಾಗ ಬೇರೆ ದಾರಿ ಹುಡುಕುವ ಅಪಾಯವಿದೆ. ಬೈಪಾಸ್ ನಂತರ ಮದ್ಯ ಬೇಗ ರಕ್ತಕ್ಕೆ ಸೇರಿ ಸ್ವಲ್ಪಕ್ಕೇ ತಲೆಗೇರುತ್ತದೆ. ಎರಡನೆಯ ವರ್ಷದಿಂದ ಕುಡಿತದ ಚಟ ಹೆಚ್ಚುವುದನ್ನು ಅಮೆರಿಕದ ಅಧ್ಯಯನಗಳು ಗುರುತಿಸಿವೆ. ಖಿನ್ನತೆ ಹಿಂದೆ ಇದ್ದವರು ಮನೋವೈದ್ಯರ ಸಂಪರ್ಕವನ್ನು ಕಳೆದುಕೊಳ್ಳಬಾರದು. ತೂಕ ಇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆಯೇ ಕೆಲವರನ್ನು ಹೆಚ್ಚು ಕುಗ್ಗಿಸುತ್ತದೆ.

ತೂಕ ಇಳಿದಂತೆ ಮುಟ್ಟು ಕ್ರಮಕ್ಕೆ ಬಂದು, ಹಿಂದೆ ಗರ್ಭ ನಿಲ್ಲದವರಿಗೂ ಬೇಗ ನಿಲ್ಲುವ ಸಂಭವ ಹೆಚ್ಚು. ಆದರೆ ಪೋಷಕಾಂಶ ಕಡಿಮೆ ಇರುವ ಆ ಹೊತ್ತಿನಲ್ಲಿ ಗರ್ಭಧಾರಣೆ ತಾಯಿಗೂ ಮಗುವಿಗೂ ಒಳ್ಳೆಯದಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳು ಕಾಯುವಂತೆ ಹೇಳುತ್ತಾರೆ. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳ ಹೀರಿಕೆ ತಗ್ಗಬಹುದಾದ್ದರಿಂದ ಕಾಪರ್-ಟಿಯಂಥ ಸಾಧನ ಹೆಚ್ಚು ನಂಬಿಕೆಯದು. ಜೋತುಬಿದ್ದ ಚರ್ಮವನ್ನು ತೆಗೆಸುವ ಶಸ್ತ್ರಚಿಕಿತ್ಸೆಯೂ ತೂಕ ಸ್ಥಿರವಾಗುವ ತನಕ ಕಾಯಬೇಕು. ಚರ್ಮದ ಮಡಿಕೆಗಳಲ್ಲಿ ಬೆವರಿ ಹುಣ್ಣಾಗುವುದು ನಮ್ಮ ಕರಾವಳಿಯಂಥ ಸೆಕೆಯಲ್ಲಿ ನಿಜವಾದ ತೊಂದರೆ. ಒರೆಸಿ ಒಣಗಿಸಿ ಇಟ್ಟುಕೊಳ್ಳಬೇಕು.

ತೂಕ ಒಂದೇ ಸಮನೆ ಇಳಿಯುವುದಿಲ್ಲ. ಮೊದಲ ತಿಂಗಳ ಕೊನೆಗೇ ಮುಳ್ಳು ಎರಡು ವಾರ ಅಲುಗದೆ ನಿಲ್ಲುವುದುಂಟು. ಒಂದೆರಡು ವರ್ಷದ ನಂತರ ಸ್ವಲ್ಪ ಮರಳಿ ಏರುವುದೂ ಲೆಕ್ಕದಲ್ಲೇ ಇದೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ದೀರ್ಘ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಎರಡು ವರ್ಷದೊಳಗೆ ದೇಹತೂಕದ ಶೇ. 32ರಷ್ಟನ್ನು ಕಳೆದುಕೊಂಡಿದ್ದರು, ಹತ್ತು ವರ್ಷದ ಮೇಲೆ ಉಳಿದ ಇಳಿಕೆ ಶೇ. 25. ಅಂದರೆ 120 ಕಿಲೋ ಇದ್ದವರು 82ಕ್ಕೆ ಇಳಿದು ಆಮೇಲೆ 90ರ ಆಸುಪಾಸಿನಲ್ಲಿ ನಿಂತ ಹಾಗೆ. ಇದನ್ನು ಸೋಲು ಎಂದು ತಿಳಿದು ತಪಾಸಣೆಗೆ ಹೋಗಲು ನಾಚುವವರು ಅನೇಕರು. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದವರ ಗುಂಪಿನಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಶೇ. 29ರಷ್ಟು ಕಡಿಮೆ ಇತ್ತು. ಏರಿಕೆ ಅತಿಯಾದರೆ ಆಹಾರತಜ್ಞರ ಸಲಹೆ, ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್, ಅಪರೂಪಕ್ಕೆ ಸ್ಲೀವನ್ನು ಬೈಪಾಸ್ ಆಗಿ ಬದಲಿಸುವ ಎರಡನೆಯ ಶಸ್ತ್ರಚಿಕಿತ್ಸೆ ಇವೆಲ್ಲ ಇವೆ.

ಮೊದಲ ವರ್ಷ ಮೂರ್ನಾಲ್ಕು ಸಲ, ನಂತರ ಪ್ರತಿ ವರ್ಷ ರಕ್ತಪರೀಕ್ಷೆ ಆಗಬೇಕು: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ. ಬೈಪಾಸ್ ಆಗಿ ಎಷ್ಟೇ ವರ್ಷವಾಗಿದ್ದರೂ, ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡಿದಂತೆ ನೋವು ಬಂದರೆ ಕೊಬ್ಬು ಕರಗಿ ಉಂಟಾದ ಒಳಸಂದಿನಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಇದು ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಕಾಣದೆ ತಪ್ಪಿಸಿಕೊಳ್ಳಬಲ್ಲದು. ಅದಕ್ಕೆ ಯಾವ ಊರಿನ ಯಾವ ವೈದ್ಯರ ಮುಂದೆ ಕುಳಿತರೂ ಜಠರದ ಬೈಪಾಸ್ ಆಗಿದೆ ಎಂಬುದನ್ನು ಮೊದಲಿಗೇ ಹೇಳಬೇಕು, ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದು ಜತೆಗಿರಬೇಕು. ಬರೀ ಬೈಪಾಸ್ ಎಂದರೆ ಹೃದಯದ್ದು ಎಂದುಕೊಳ್ಳುವವರೇ ಹೆಚ್ಚು.