ಮಾವಿನ ಊಜಿ ನೊಣ: ನಿಯಂತ್ರಣದ ಕ್ರಮಗಳು ಮತ್ತು ವರ್ತಕರ ಹೊಣೆ

ರಾಮನಗರದ ಕಡೆಯಿಂದ ಏಪ್ರಿಲ್ ಹೊತ್ತಿಗೆ ಆರಂಭವಾಗುವ ನಮ್ಮ ಮಾವಿನ ವಹಿವಾಟು, ಮೇ ಮತ್ತು ಜೂನ್ ತಿಂಗಳುಗಳಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಭರಾಟೆಗೆ ಏರುತ್ತದೆ. ಅದೇ ಸಮಯಕ್ಕೆ ಮುಂಗಾರುಪೂರ್ವ ಮಳೆಯೂ ಬೀಳುತ್ತದೆ; ಮಳೆಯ ಬೆನ್ನಿಗೆ ಹಣ್ಣಿನ ನೊಣದ ಕಾಟವೂ ಹೆಚ್ಚುತ್ತದೆ. ಕೋಲಾರ ಸೀಮೆಯ ಬೆಳೆಗಾರರು ಇದನ್ನು ಊಜಿ ಎಂದೇ ಕರೆಯುತ್ತಾರೆ. ಮೇಲುನೋಟಕ್ಕೆ ಲಕ್ಷಣವಾಗಿರುವ ಬಾದಾಮಿ ಅಥವಾ ಬಂಗನಪಲ್ಲಿ ಹಣ್ಣನ್ನು ಗ್ರಾಹಕನು ಮನೆಗೆ ಒಯ್ದು ಕೊಯ್ದಾಗ ಒಳಗೆ ಬಿಳಿಯ ಹುಳುಗಳು ಹರಿದಾಡುತ್ತಿದ್ದರೆ, ಆತ ಬೈಯುವುದು ನೊಣವನ್ನಲ್ಲ, ಹಣ್ಣು ಮಾರಿದ ಅಂಗಡಿಯವನನ್ನು. ಅಂಗಡಿಯವನು ಮಂಡಿಯವರನ್ನು, ಮಂಡಿಯವರು ತೋಟದವರನ್ನು ದೂರುತ್ತಾರೆ. ಊಜಿ ನೊಣವನ್ನು ಕೇವಲ ರೈತರ ಸಮಸ್ಯೆ ಎಂದು ತಿಳಿದು ವರ್ತಕರು ಸುಮ್ಮನಿರುವುದು ಏಕೆ ಸಾಧ್ಯವಿಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನೊಣದ ಜೀವನಕ್ರಮ

ಮಾವನ್ನು ಬಾಧಿಸುವ ಹಣ್ಣಿನ ನೊಣಗಳಲ್ಲಿ ಮುಖ್ಯವಾದುದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬ ಪ್ರಭೇದ. ಇದರ ಜೊತೆಗೆ ಝೊನಾಟ ಮತ್ತು ಕರೆಕ್ಟ ಎಂಬ ಸೋದರ ಪ್ರಭೇದಗಳೂ ನಮ್ಮ ತೋಟಗಳಲ್ಲಿ ಕಂಡುಬರುತ್ತವೆ. ಹೆಣ್ಣು ನೊಣವು ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಸೂಜಿಯಂತಹ ಅಂಗದಿಂದ ಚುಚ್ಚಿ, ಸಿಪ್ಪೆಯ ಕೆಳಗೆ ಮೊಟ್ಟೆಗಳನ್ನು ಇಡುತ್ತದೆ. ಚುಚ್ಚಿದ ಗುರುತು ಬಹಳ ಸೂಕ್ಷ್ಮವಾದುದರಿಂದ ಹಣ್ಣು ವಿಂಗಡಿಸುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಬೇಸಿಗೆಯ ಶಾಖದಲ್ಲಿ ಒಂದೆರಡು ದಿನಗಳಲ್ಲೇ ಮೊಟ್ಟೆ ಒಡೆದು, ಮರಿಹುಳುಗಳು ತಿರುಳನ್ನು ತಿನ್ನುತ್ತಾ ಒಳಗೇ ಬೆಳೆಯುತ್ತವೆ. ಬೆಳೆದ ಹುಳು ಹಣ್ಣಿನಿಂದ ಹೊರಬಿದ್ದು, ಮಣ್ಣಿನಲ್ಲಿ ಕೆಲವೇ ಅಂಗುಲಗಳ ಆಳಕ್ಕೆ ಇಳಿದು ಕೋಶಾವಸ್ಥೆಗೆ ಹೋಗುತ್ತದೆ. ಅಲ್ಲಿಂದ ಸುಮಾರು ಹತ್ತು ದಿನಗಳಲ್ಲಿ ಹೊಸ ನೊಣ ಹಾರುತ್ತದೆ. ಮೊಟ್ಟೆಯಿಂದ ನೊಣದವರೆಗಿನ ಚಕ್ರವು ನಮ್ಮ ಹವೆಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ.

ಈ ಜೀವನಕ್ರಮದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮೊಟ್ಟೆ ಮತ್ತು ಹುಳು ಹಣ್ಣಿನ ಒಳಗಿರುವುದರಿಂದ ಮೇಲೆ ಸಿಂಪಡಿಸಿದ ಔಷಧ ಅವುಗಳನ್ನು ಸರಿಯಾಗಿ ತಲುಪುವುದಿಲ್ಲ. ಎರಡನೆಯದಾಗಿ, ಒಂದೇ ಹಂಗಾಮಿನಲ್ಲಿ ಹಲವು ಪೀಳಿಗೆಗಳು ಬರುವುದರಿಂದ ರಾಮನಗರದಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ, ಮೊದಲ ಕೊಯ್ಲಿಗಿಂತ ಕೊನೆಯ ಕೊಯ್ಲಿನಲ್ಲಿ ಹಾನಿ ಹೆಚ್ಚು. ಮೂರನೆಯದಾಗಿ, ನೆಲಕ್ಕೆ ಬಿದ್ದ ಹುಳುಕು ಹಣ್ಣೇ ಮುಂದಿನ ಪೀಳಿಗೆಯ ತವರುಮನೆ.

2014ರ ಪಾಠ

ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವು ಮತ್ತು ನಾಲ್ಕು ತರಕಾರಿಗಳ ಆಮದನ್ನು ನಿಲ್ಲಿಸಿದ್ದನ್ನು ಸದಸ್ಯರು ಮರೆತಿರಲಾರರು. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣಿನ ನೊಣವೇ ಮೊದಲಾದ ಕೀಟಗಳು ಪತ್ತೆಯಾದುದು ಇದಕ್ಕೆ ಕಾರಣವಾಗಿತ್ತು. ಹಂಗಾಮಿನ ನಡುವೆ ಬಂದ ಈ ನಿರ್ಬಂಧದಿಂದ ವಿದೇಶಕ್ಕೆಂದು ವಿಂಗಡಿಸಿಟ್ಟಿದ್ದ ಹಣ್ಣು ದೇಶೀಯ ಮಾರುಕಟ್ಟೆಯತ್ತ ತಿರುಗಬೇಕಾಯಿತು. ತಪಾಸಣೆ ಮತ್ತು ಸಂಸ್ಕರಣೆಯ ವ್ಯವಸ್ಥೆ ಸುಧಾರಿಸಿದ ಮೇಲೆ, 2015ರ ಜನವರಿಯಲ್ಲಿ ಮಾವಿನ ಮೇಲಿನ ನಿರ್ಬಂಧವನ್ನು ತೆಗೆಯಲು ಒಕ್ಕೂಟ ಒಪ್ಪಿತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ದೇಶೀಯ ವ್ಯಾಪಾರದಲ್ಲಿ ನೂರು ಹಣ್ಣಿಗೆ ಎರಡು ಕೆಟ್ಟರೆ ಬೆಲೆಯಲ್ಲಿ ಸರಿಹೊಂದಿಸಿಕೊಳ್ಳಬಹುದು. ಸಸ್ಯ ಸಂಪರ್ಕನಿಷೇಧದ ನಿಯಮದಲ್ಲಿ ಅಂತಹ ರಿಯಾಯಿತಿ ಇಲ್ಲ. ಒಂದು ಪೆಟ್ಟಿಗೆಯಲ್ಲಿ ಒಂದು ಜೀವಂತ ಹುಳು ಸಿಕ್ಕಿದರೂ ಇಡೀ ರವಾನೆ ತಿರಸ್ಕೃತವಾಗಬಹುದು. ಒಬ್ಬ ರಫ್ತುದಾರನ ಅಲಕ್ಷ್ಯಕ್ಕೆ ಇಡೀ ದೇಶದ ರಫ್ತುದಾರರು ದಂಡ ತೆರಬೇಕಾಗುತ್ತದೆ.

ಬಲೆಯ ಹಿಂದಿನ ವಿಜ್ಞಾನ

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೋಹಕ ಬಲೆಯ ಮೂಲ ನಮ್ಮ ದೇಶದಲ್ಲೇ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯ ಕೀಟತಜ್ಞ ಹೌಲೆಟ್ ಅವರು, ಸಿಟ್ರೊನೆಲ್ಲ ಎಣ್ಣೆಯ ವಾಸನೆಗೆ ಹಣ್ಣಿನ ನೊಣಗಳು ಮುತ್ತುವುದನ್ನು 1912ರಲ್ಲಿ ಪ್ರಕಟಿಸಿದರು. ಮುತ್ತುವ ನೊಣಗಳೆಲ್ಲ ಗಂಡು ಎಂಬುದನ್ನೂ, ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂಬುದನ್ನೂ ಅವರ ಅಧ್ಯಯನಗಳು ತೋರಿಸಿಕೊಟ್ಟವು. ಅರ್ಧ ಶತಮಾನದ ನಂತರ, 1960ರ ದಶಕದಲ್ಲಿ, ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ಅದ್ದಿದ ನಾರುಹಲಗೆಯ ತುಣುಕುಗಳನ್ನು ಎಲ್ಲೆಡೆ ಹರಡಿ, ಗಂಡು ನೊಣಗಳನ್ನು ನಾಶಪಡಿಸಿ, ಇಡೀ ದ್ವೀಪವನ್ನೇ ಈ ನೊಣದಿಂದ ಮುಕ್ತಗೊಳಿಸಲಾಯಿತು.

ಬಲೆಯ ಮಿತಿಯೂ ಇಲ್ಲೇ ಅಡಗಿದೆ. ಬಲೆಗೆ ಬೀಳುವುದು ಗಂಡು ನೊಣ. ಹಣ್ಣನ್ನು ಚುಚ್ಚುವುದು ಹೆಣ್ಣು. ಅಳಿದುಳಿದ ಕೆಲವೇ ಗಂಡುಗಳು ಅನೇಕ ಹೆಣ್ಣುಗಳೊಡನೆ ಕೂಡಬಲ್ಲವು. ಆದುದರಿಂದ ಬಲೆಯ ತುಂಬ ನೊಣ ಬಿದ್ದಿದೆ ಎಂಬ ಮಾತ್ರಕ್ಕೆ ಹಣ್ಣು ಉಳಿಯಿತು ಎಂದು ಭಾವಿಸುವುದು ತಪ್ಪು. ರೋಟಾ ಸಮುದ್ರದ ನಡುವಿನ ದ್ವೀಪ. ನಮ್ಮ ತೋಟಗಳು ಒಂದಕ್ಕೊಂದು ಅಂಟಿಕೊಂಡಿವೆ.

ತೋಟದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಬಿದ್ದ ಹಣ್ಣುಗಳ ವಿಲೇವಾರಿ: ಎಲ್ಲ ಕ್ರಮಗಳಲ್ಲಿ ಇದು ಅಗ್ಗದ್ದು ಮತ್ತು ಅತಿ ಮುಖ್ಯವಾದದ್ದು. ಉದುರಿದ ಹಣ್ಣುಗಳನ್ನು ಆಗಿಂದಾಗ್ಗೆ ಆಯ್ದು ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು, ಇಲ್ಲವೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಬೇಕು. ತಿಪ್ಪೆಗೆ ಎಸೆಯುವುದು ನೊಣ ಸಾಕಿದಂತೆಯೇ ಸರಿ.

2. ಮರದ ಬುಡದ ಉಳುಮೆ: ಕೊಯ್ಲಿನ ನಂತರ ಮರದ ಕೆಳಗಿನ ಮಣ್ಣನ್ನು ಹಗುರವಾಗಿ ಉತ್ತರೆ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುತ್ತವೆ.

3. ಮೋಹಕ ಬಲೆಗಳು: ಕೊಯ್ಲಿಗೆ ಸುಮಾರು ಎರಡು ತಿಂಗಳು ಮೊದಲೇ ಎಕರೆಗೆ 6ರಿಂದ 10 ಬಲೆಗಳನ್ನು ಐದಾರು ಅಡಿ ಎತ್ತರದಲ್ಲಿ, ನೆರಳಿರುವ ಕೊಂಬೆಗಳಿಗೆ ಕಟ್ಟಬೇಕು. ಮೋಹಕ ದ್ರವ ಹೀರಿದ ಪ್ಲೈವುಡ್ ತುಂಡನ್ನು ತಯಾರಕರು ಸೂಚಿಸಿದ ಅವಧಿಗೆ ತಪ್ಪದೆ ಬದಲಿಸಬೇಕು.

4. ಆಹಾರದ ಆಮಿಷ: ಮೊಟ್ಟೆ ಬಲಿಯಲು ಹೆಣ್ಣು ನೊಣಕ್ಕೆ ಪ್ರೋಟೀನ್ ಆಹಾರ ಬೇಕು. ಪ್ರೋಟೀನ್ ಅಥವಾ ಬೆಲ್ಲದ ದ್ರಾವಣಕ್ಕೆ ಅಲ್ಪ ಪ್ರಮಾಣದ ಕೀಟನಾಶಕ ಬೆರೆಸಿ, ಹಣ್ಣಿಗೆ ತಾಗದಂತೆ ಕಾಂಡದ ಮೇಲೆ ಅಲ್ಲಲ್ಲಿ ಸಿಂಪಡಿಸುವ ಈ ವಿಧಾನವು ಬಲೆಗೆ ಬೀಳದ ಹೆಣ್ಣುಗಳನ್ನು ಕೊಲ್ಲುತ್ತದೆ.

5. ಕಾಗದದ ಹೊದಿಕೆ: ಉತ್ತಮ ದರ್ಜೆಯ ಹಣ್ಣಿಗೆ, ಕೊಯ್ಲಿಗೆ ಐದಾರು ವಾರ ಮೊದಲು ಕಾಗದದ ಚೀಲ ತೊಡಿಸಿದರೆ ನೊಣ ಚುಚ್ಚಲಾರದು, ಸಿಪ್ಪೆಯ ಬಣ್ಣವೂ ಕಲೆಯಿಲ್ಲದೆ ಬರುತ್ತದೆ. ಕೂಲಿಯ ಖರ್ಚು ಹೆಚ್ಚಾದುದರಿಂದ ಎಲ್ಲ ತಳಿಗಳಿಗೂ ಇದು ಹೊಂದುವುದಿಲ್ಲ.

6. ಸಕಾಲದ ಕೊಯ್ಲು: ಮರದಲ್ಲೇ ಹಣ್ಣಾಗಲು ಬಿಟ್ಟಷ್ಟೂ ನೊಣದ ಬಾಧೆ ಹೆಚ್ಚು. ಚೆನ್ನಾಗಿ ಬಲಿತ ಕೂಡಲೇ ಕಾಯಿಯನ್ನು ಇಳಿಸುವುದು ಲೇಸು.

ಕೀಟನಾಶಕದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿಂದೆ ಬಲೆಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದ್ದ ಡೈಕ್ಲೋರ್ವಾಸ್ ಅನ್ನು ಕೇಂದ್ರ ಸರ್ಕಾರವು 2018ರ ಆದೇಶದ ಮೂಲಕ, 2020ರ ಅಂತ್ಯದಿಂದ ಪೂರ್ಣವಾಗಿ ನಿಷೇಧಿಸಿದೆ. ಹಳೆಯ ಕೈಪಿಡಿಗಳಲ್ಲಿರುವ ಪ್ರಮಾಣಗಳನ್ನು ಹಾಗೆಯೇ ಅನುಸರಿಸದೆ, ಸದ್ಯ ಅನುಮತಿಯಿರುವ ಔಷಧ ಯಾವುದೆಂದು ತೋಟಗಾರಿಕೆ ಇಲಾಖೆಯವರಲ್ಲಿ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳುವುದು ಉಚಿತ.

ನೆರೆಯ ತೋಟದ ಪ್ರಶ್ನೆ

ಇದೇ ಕುಲದ ಮತ್ತೊಂದು ನೊಣವು ಮೆಡಿಟರೇನಿಯನ್ ದೇಶಗಳ ಆಲಿವ್ ತೋಟಗಳನ್ನು ಪೀಡಿಸುತ್ತದೆ. ಅಲ್ಲಿ ಹುಳು ಹೊಕ್ಕ ಕಾಯಿಯಿಂದ ತೆಗೆದ ಎಣ್ಣೆಯಲ್ಲಿ ಆಮ್ಲಾಂಶ ಏರುತ್ತದೆ. ಅದು ಶೇಕಡಾ 0.8 ಮೀರಿದರೆ ಎಣ್ಣೆಯನ್ನು ‘ಎಕ್ಸ್‌ಟ್ರಾ ವರ್ಜಿನ್’ ದರ್ಜೆಯಲ್ಲಿ ಮಾರುವಂತಿಲ್ಲ. ಅಂದರೆ ನೊಣದ ನಷ್ಟ ನೇರವಾಗಿ ಬೆಲೆಯಲ್ಲೇ ಕಾಣುತ್ತದೆ. ಗ್ರೀಸ್ ದೇಶದಲ್ಲಿ ಹಲವು ದಶಕಗಳಿಂದ ಆಮಿಷ ಸಿಂಪಡಣೆಯನ್ನು ಒಬ್ಬೊಬ್ಬ ರೈತನ ಇಚ್ಛೆಗೆ ಬಿಡದೆ, ಬಲೆಗಳಲ್ಲಿ ಬಿದ್ದ ನೊಣಗಳ ಎಣಿಕೆ ನೋಡಿಕೊಂಡು, ಸರ್ಕಾರದ ಉಸ್ತುವಾರಿಯಲ್ಲಿ ಇಡೀ ಪ್ರದೇಶಕ್ಕೆ ಒಟ್ಟಾಗಿ ನಡೆಸಿಕೊಂಡು ಬರಲಾಗಿದೆ. ಹಾರುವ ಕೀಟಕ್ಕೆ ಸರ್ವೆ ನಂಬರಿನ ಗಡಿ ತಿಳಿಯದು. ಒಬ್ಬನ ತೋಟದಲ್ಲಿ ಹತ್ತು ಬಲೆ ಕಟ್ಟಿ, ಪಕ್ಕದ ತೋಟದಲ್ಲಿ ಕೊಳೆತ ಹಣ್ಣು ಹಾಗೆಯೇ ಬಿದ್ದಿದ್ದರೆ ಬಲೆಯ ಹಣ ನೀರಿಗೆ ಹಾಕಿದಂತೆ.

ಕೊಯ್ಲಿನ ನಂತರದ ಸಂಸ್ಕರಣೆ

ರಫ್ತಿನ ಹಣ್ಣಿಗೆ ಆಯಾ ದೇಶದ ನಿಯಮದಂತೆ ಸಂಸ್ಕರಣೆ ಕಡ್ಡಾಯ. ಐರೋಪ್ಯ ದೇಶಗಳಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸಿಡುವ ಪದ್ಧತಿ ಬಳಕೆಗೆ ಬಂದಿದೆ. 2006ರಲ್ಲಿ ಭಾರತದ ಮಾವಿಗೆ ಬಾಗಿಲು ತೆರೆದ ಜಪಾನ್, ಹಣ್ಣಿನ ತಿರುಳು 47.5 ಡಿಗ್ರಿಗೆ ಬಂದ ಮೇಲೆ 20 ನಿಮಿಷ ಅದೇ ಶಾಖದಲ್ಲಿಡುವ ಬಿಸಿ ಆವಿಯ ಸಂಸ್ಕರಣೆಯನ್ನು ಕೇಳುತ್ತದೆ. 2007ರಲ್ಲಿ ಒಪ್ಪಿಗೆ ನೀಡಿದ ಅಮೆರಿಕಕ್ಕೆ ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಸಂಸ್ಕರಣೆ ಆಗಬೇಕು. ವಿಕಿರಣವು ಹುಳುವನ್ನು ಕೂಡಲೇ ಕೊಲ್ಲದಿದ್ದರೂ, ಅದು ಬೆಳೆದು ಸಂತಾನ ಪಡೆಯದಂತೆ ತಡೆಯುತ್ತದೆ.

ಸಂಸ್ಕರಣೆಯಷ್ಟೇ ಅದರ ದಾಖಲೆಯೂ ಮುಖ್ಯ. 2025ರ ಮೇ ತಿಂಗಳಲ್ಲಿ ವಿಕಿರಣ ಸಂಸ್ಕರಣೆಯ ದಾಖಲೆಗಳಲ್ಲಿ ಲೋಪವಿದೆ ಎಂಬ ಕಾರಣಕ್ಕೆ ಭಾರತದ ಮಾವಿನ ಹಲವು ರವಾನೆಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲೇ ತಿರಸ್ಕರಿಸಲಾಯಿತು.

ಸಂಸ್ಕರಣೆ ಇದೆಯಲ್ಲ, ತೋಟದ ಕೆಲಸ ಏಕೆ ಎಂದು ಕೇಳುವವರಿದ್ದಾರೆ. ಬಿಸಿನೀರು ಹುಳುವನ್ನು ಕೊಲ್ಲಬಹುದು. ಹುಳು ತಿಂದ ತಿರುಳನ್ನು ಮತ್ತೆ ತುಂಬಿಕೊಡಲಾರದು. ಸತ್ತ ಹುಳುವಿರುವ ಹಣ್ಣನ್ನೂ ಯಾವ ಗ್ರಾಹಕನೂ ಒಪ್ಪುವುದಿಲ್ಲ.

ಗುತ್ತಿಗೆ ಕರಾರು ಮತ್ತು ಮಂಡಿ

ನಮ್ಮ ಭಾಗದ ಬಹಳಷ್ಟು ತೋಟಗಳನ್ನು ಹೂವು ಅಥವಾ ಪಿಂದೆಯ ಹಂತದಲ್ಲೇ ವ್ಯಾಪಾರಿಗಳು ಗುತ್ತಿಗೆ ಹಿಡಿಯುತ್ತಾರೆ. ಫಸಲು ಮಾರಿದ ಮಾಲೀಕನಿಗೆ ಬಲೆ ಕಟ್ಟುವ ಆಸಕ್ತಿ ಇರುವುದಿಲ್ಲ. ಒಂದೇ ಹಂಗಾಮಿಗೆ ಬಂದ ಗುತ್ತಿಗೆದಾರನಿಗೆ ಬಿದ್ದ ಹಣ್ಣು ಹೂಳುವ ಅಥವಾ ಕೊಯ್ಲಿನ ನಂತರ ನೆಲ ಉಳುವ ಅಗತ್ಯ ತೋರುವುದಿಲ್ಲ. ಕೊನೆಯ ಲಾರಿ ಹೊರಟ ಮೇಲೆ ತೋಟದಲ್ಲಿ ಉಳಿಯುವುದು ಮುಂದಿನ ವರ್ಷದ ನೊಣ. ಇದಕ್ಕೆ ಪರಿಹಾರ ಕಷ್ಟವೇನಲ್ಲ. ಬಲೆಯ ಖರ್ಚು ಯಾರದು, ಬಿದ್ದ ಹಣ್ಣು ಆಯಿಸುವ ಕೂಲಿ ಯಾರು ಕೊಡಬೇಕು, ಕೊಯ್ಲು ಮುಗಿದ ಮೇಲೆ ಉಳುಮೆ ಯಾರು ಮಾಡಿಸಬೇಕು ಎಂಬ ಮೂರು ಸಾಲುಗಳನ್ನು ಗುತ್ತಿಗೆ ಕರಾರಿನಲ್ಲಿ ಬರೆದುಕೊಂಡರೆ ಸಾಕು. ಎರಡು ಮೂರು ವರ್ಷಗಳ ಗುತ್ತಿಗೆಯಾದರೆ ಮಾಡಿದ ಖರ್ಚಿನ ಫಲ ಗುತ್ತಿಗೆದಾರನಿಗೇ ದಕ್ಕುತ್ತದೆ.

ಮಂಡಿಯ ಅಂಗಳವನ್ನೂ ಮರೆಯುವಂತಿಲ್ಲ. ವಿಂಗಡಿಸಿ ಎಸೆದ ಹಣ್ಣಿನ ರಾಶಿ ವಾರಗಟ್ಟಲೆ ಮಣ್ಣಿನ ನೆಲದ ಮೇಲೆ ಬಿದ್ದಿದ್ದರೆ ಅಲ್ಲಿಂದಲೂ ನೊಣಗಳು ಸುತ್ತಲಿನ ತೋಟಗಳಿಗೆ ಹಾರುತ್ತವೆ. ಹಣ್ಣಿನ ತಿರುಳು ತಯಾರಿಸುವ ಘಟಕಗಳ ತ್ಯಾಜ್ಯಕ್ಕೂ ಈ ಮಾತು ಅನ್ವಯಿಸುತ್ತದೆ. ರೈತನಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಅಂಗಳ ಗುಡಿಸಿಕೊಳ್ಳುವುದು ನ್ಯಾಯ.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಬಲೆಯ ಡಬ್ಬಿ, ಪ್ಲೈವುಡ್ ತುಂಡು, ಮಳೆಗೆ ಹರಿಯದ ಕಾಗದದ ಚೀಲ, ಬಿಸಿನೀರಿನ ತೊಟ್ಟಿ, ಜಾಲರಿಯಿರುವ ರಟ್ಟಿನ ಪೆಟ್ಟಿಗೆ, ಇವೆಲ್ಲವೂ ಸಣ್ಣ ಘಟಕಗಳಲ್ಲಿ ತಯಾರಿಸಬಹುದಾದ ವಸ್ತುಗಳು. ಆದರೆ ಗುಣಮಟ್ಟದಲ್ಲಿ ರಾಜಿ ಸಲ್ಲದು. ತಣ್ಣನೆಯ ಹಣ್ಣು ಇಳಿಸಿದೊಡನೆ ತೊಟ್ಟಿಯ ನೀರಿನ ಶಾಖ ಕುಸಿಯುತ್ತದೆ. ನೀರು ಸುತ್ತಾಡದಿದ್ದರೆ ಒಂದು ಮೂಲೆಯಲ್ಲಿ ಹಣ್ಣು ಬೇಯುತ್ತದೆ, ಇನ್ನೊಂದು ಮೂಲೆಯಲ್ಲಿ ಹುಳು ಬದುಕುತ್ತದೆ. ಆದುದರಿಂದ ಪಂಪು, ಶಾಖ ನಿಯಂತ್ರಕ ಮತ್ತು ಆಗಾಗ ತಾಳೆ ನೋಡಿದ ಉಷ್ಣಮಾಪಕ ಇಲ್ಲದ ತೊಟ್ಟಿಯನ್ನು ಮಾರುವುದೂ ಕೊಳ್ಳುವುದೂ ಅವಿವೇಕ. ಬಲೆಯಲ್ಲೂ ಅಷ್ಟೇ: ಮೋಹಕ ದ್ರವವನ್ನು ಕಡಿಮೆ ಹಾಕಿ ಬೆಲೆ ಇಳಿಸಿದವನು ಒಂದು ವರ್ಷ ಮಾರಾಟ ಮಾಡಬಲ್ಲ, ಎರಡನೆಯ ವರ್ಷ ರೈತರು ಬಲೆಯ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಾರೆ.

ಮಾವು ವರ್ಷಕ್ಕೊಮ್ಮೆ ಬರುವ ಬೆಳೆ. ಮೂರು ನಾಲ್ಕು ತಿಂಗಳ ವ್ಯಾಪಾರದ ಮೇಲೆ ಸಾವಿರಾರು ಕುಟುಂಬಗಳ ಇಡೀ ವರ್ಷದ ಜೀವನ ನಿಂತಿದೆ. ಬಲೆ ಕಟ್ಟುವ ಕಾಲ ಹಣ್ಣು ಕಾಣುವ ಕಾಲವಲ್ಲ, ಕಾಯಿ ನಿಂಬೆ ಗಾತ್ರಕ್ಕೆ ಬರುವ ಕಾಲ. ಗುತ್ತಿಗೆ ಕರಾರು ಬರೆಯುವುದು ಅದಕ್ಕೂ ಮೊದಲು. ಆದುದರಿಂದ ಮಾವಿನ ವಹಿವಾಟಿನಲ್ಲಿರುವ ಸದಸ್ಯರು ಮುಂದಿನ ಹಂಗಾಮಿನ ಹೂವು ಕಾಣುವ ಮೊದಲೇ ತಮ್ಮ ತಮ್ಮ ಹೋಬಳಿಯ ಬೆಳೆಗಾರರೊಡನೆ ಕುಳಿತು, ಅಕ್ಕಪಕ್ಕದ ತೋಟಗಳೆಲ್ಲ ಒಂದೇ ವಾರದಲ್ಲಿ ಬಲೆ ಕಟ್ಟುವಂತೆ ಏರ್ಪಾಡು ಮಾಡಿಕೊಳ್ಳುವುದು ಒಳಿತು.