ಸಿಸ್ಟಮ್ ಅಡ್ಮಿನ್ ಮಾಮುವಿನ ಪಾಠಗಳು

ಕಂಪ್ಯೂಟರ್ ಕ್ಷೇತ್ರದ ಕೆಲಸ ಎಂದ ಕೂಡಲೇ ನಮ್ಮ ತರಗತಿಯಲ್ಲಿ ಎಲ್ಲರ ಬಾಯಲ್ಲೂ ಬರುವುದು ಸಾಫ್ಟ್‌ವೇರ್ ಇಂಜಿನಿಯರ್ ಎಂಬ ಹೆಸರು. ಕಾಮರ್ಸ್ ಓದುವವರಿಗೆ ಅಲ್ಲಿ ಜಾಗವಿಲ್ಲ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಆದರೆ ಪ್ರೋಗ್ರಾಮ್ ಬರೆದವರು ಬರೆದು ಹೋದ ಮೇಲೆ ಅದು ಹಗಲು ರಾತ್ರಿ ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವವರು ಬೇಕಲ್ಲವೇ? ಸರ್ವರ್‌ಗಳನ್ನು ಕಾಯುವುದು, ಪಾಸ್‌ವರ್ಡ್ ಕೊಡುವುದು, ನೆಟ್‌ವರ್ಕ್ ಸರಿಪಡಿಸುವುದು, ಮಾಹಿತಿಯ ಪ್ರತಿ ತೆಗೆದಿಡುವುದು ಇವರ ಕೆಲಸ. ಇವರನ್ನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎನ್ನುತ್ತಾರೆ, ಚಿಕ್ಕದಾಗಿ ಸಿಸ್ ಅಡ್ಮಿನ್.

ನನ್ನ ಮಾಮು ಬೆಂಗಳೂರಿನ ಒಂದು ಕಂಪನಿಯಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಅವರು ಓದಿದ್ದು ಬಿ.ಕಾಂ. ಆಮೇಲೆ ಒಂದು ವರ್ಷ ಹಾರ್ಡ್‌ವೇರ್ ಕೋರ್ಸ್ ಮಾಡಿದರು, ಅಷ್ಟೇ. ರಜೆಗೆ ಊರಿಗೆ ಬಂದಾಗ ಅವರು ಹೇಳುವ ಮಾತುಗಳು ಮೊದಲಿಗೆ ತಮಾಷೆಯಂತೆ ಕೇಳಿಸುತ್ತವೆ. ಆದರೆ ಪ್ರತಿಯೊಂದರ ಹಿಂದೆಯೂ ಒಂದು ಕಾರಣ ಇರುತ್ತದೆ. ಅವುಗಳಲ್ಲಿ ನಮಗೆ, ಅದರಲ್ಲೂ ಕಾಮರ್ಸ್ ವಿದ್ಯಾರ್ಥಿಗಳಿಗೆ, ಉಪಯೋಗವಾಗುವ ಕೆಲವನ್ನು ಇಲ್ಲಿ ವಿವರಿಸುತ್ತೇನೆ.

1. ಆಫ್ ಮಾಡಿ ಆನ್ ಮಾಡಿದಿರಾ?

ಕಂಪ್ಯೂಟರ್ ರಿಪೇರಿಯವರ ಬಗ್ಗೆ ಇರುವ ಹಳೆಯ ಹಾಸ್ಯ ಇದು. ಆದರೆ ಇದು ಸೋಮಾರಿತನದ ಸಲಹೆಯಲ್ಲ. ಕಂಪ್ಯೂಟರ್ ಚಾಲನೆಯಲ್ಲಿರುವಾಗ ಪ್ರತಿ ಪ್ರೋಗ್ರಾಮ್ ತನ್ನ ತಾತ್ಕಾಲಿಕ ಲೆಕ್ಕವನ್ನು ರಾಮ್ ಎಂಬ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಕೆಲವು ಪ್ರೋಗ್ರಾಮ್‌ಗಳು ಕೆಲಸ ಮುಗಿದರೂ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ಕೆಲವು ಒಂದಕ್ಕೊಂದು ಕಾಯುತ್ತಾ ನಿಂತುಬಿಡುತ್ತವೆ. ಆಫ್ ಮಾಡಿದಾಗ ರಾಮ್ ಖಾಲಿಯಾಗುತ್ತದೆ. ಮತ್ತೆ ಆನ್ ಮಾಡಿದಾಗ ಎಲ್ಲವೂ ಹೊಸ ಪುಟದಿಂದ ಶುರುವಾಗುತ್ತದೆ.

ಆದರೆ ಮಾಮು ಇಷ್ಟಕ್ಕೇ ನಿಲ್ಲುವುದಿಲ್ಲ. "ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಏಕೆ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಎರಡನೇ ಸಲವೂ ಅದೇ ಆದರೆ ಕಾರಣ ಹುಡುಕಬೇಕು" ಎನ್ನುತ್ತಾರೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ, ಇದೂ ಹಾಗೆಯೇ. ಸದ್ಯಕ್ಕೆ ಕೆಲಸ ಮುಂದುವರಿಯುತ್ತದೆ, ತಪ್ಪು ಮಾತ್ರ ಪುಸ್ತಕದೊಳಗೇ ಉಳಿದಿರುತ್ತದೆ.

2. ಖೋಲ್‌ಕೋ ದೇಖೇ ಕ್ಯಾ?

ಮಾಮು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ತೆರೆದು ನೋಡಿದಿರಾ ಎಂದರ್ಥ. ಬ್ಯಾಕಪ್ ಇದೆ ಎಂದು ಯಾರೇ ಹೇಳಿದರೂ ಅವರು ಇದನ್ನೇ ಕೇಳುತ್ತಾರೆ. ಅವರ ಪ್ರಕಾರ, ತೆರೆದು ಪರೀಕ್ಷಿಸದ ಬ್ಯಾಕಪ್ ಬ್ಯಾಕಪ್ ಅಲ್ಲ, ಅದು ಬರೀ ಆಸೆ.

ಇದಕ್ಕೆ ಜಗತ್ತಿನ ದೊಡ್ಡ ಕಂಪನಿಗಳಲ್ಲೇ ಉದಾಹರಣೆಗಳಿವೆ. ಪಿಕ್ಸಾರ್ ಕಂಪನಿ 'ಟಾಯ್ ಸ್ಟೋರಿ 2' ಚಿತ್ರ ತಯಾರಿಸುತ್ತಿದ್ದಾಗ, 1998ರಲ್ಲಿ, ಅಳಿಸುವ ಒಂದು ಆದೇಶ ತಪ್ಪು ಜಾಗದಲ್ಲಿ ಚಾಲನೆಯಾಗಿ ಚಿತ್ರದ ಹೆಚ್ಚಿನ ಭಾಗ ಅಳಿಸಿಹೋಯಿತು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಚಿತ್ರದ ತಾಂತ್ರಿಕ ವಿಭಾಗದಲ್ಲಿದ್ದ ಗ್ಯಾಲಿನ್ ಸುಸ್ಮನ್ ಎಂಬವರು ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡಲು ಒಂದು ಪ್ರತಿಯನ್ನು ತಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿದ್ದರು. ಅದೇ ಪ್ರತಿಯಿಂದ ಬಹುಪಾಲು ಕೆಲಸ ಮರಳಿ ಸಿಕ್ಕಿತು. ಚಿತ್ರ 1999ರಲ್ಲಿ ಬಿಡುಗಡೆಯಾಯಿತು.

ಇನ್ನೊಂದು ಘಟನೆ 2017ರ ಜನವರಿ 31ರದು. ಪ್ರೋಗ್ರಾಮ್ ಬರೆಯುವವರು ತಮ್ಮ ಕೆಲಸವನ್ನು ಕೂಡಿಡುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ, ರಾತ್ರಿ ತಡವಾಗಿ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನಲ್ಲೇ ಮಾಹಿತಿ ಅಳಿಸಿಬಿಟ್ಟರು. ಅವರ ಬಳಿ ಮಾಹಿತಿ ಉಳಿಸುವ ಐದು ವ್ಯವಸ್ಥೆಗಳಿದ್ದವು. ಹುಡುಕಿದಾಗ ಅವುಗಳಲ್ಲಿ ಒಂದೂ ನಂಬುವಂತೆ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕಾಗಿ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ನಡುವಿನ ಆರು ಗಂಟೆಗಳ ಮಾಹಿತಿ ಹೋಯಿತು. ಆ ಕಂಪನಿ ಇದನ್ನು ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿತು. ಆದ್ದರಿಂದಲೇ ಇಂದು ಈ ಕೆಲಸ ಕಲಿಯುವವರೆಲ್ಲ ಅದನ್ನು ಪಾಠದಂತೆ ಓದುತ್ತಾರೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಸಿಸ್ ಅಡ್ಮಿನ್‌ಗಳು 3-2-1 ಎಂಬ ನಿಯಮ ಹೇಳುತ್ತಾರೆ. ಮುಖ್ಯವಾದ ಯಾವುದೇ ಮಾಹಿತಿಯ 3 ಪ್ರತಿಗಳಿರಬೇಕು. ಅವು ಕನಿಷ್ಠ 2 ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ 1 ಪ್ರತಿ ಬೇರೆ ಜಾಗದಲ್ಲಿರಬೇಕು. ಬೆಂಕಿ, ನೀರು, ಕಳ್ಳತನ ಯಾವುದಾದರೂ ಒಂದೇ ಸಲಕ್ಕೆ ಮೂರನ್ನೂ ತೆಗೆದುಕೊಂಡು ಹೋಗಬಾರದು ಎಂಬುದು ಇದರ ಅರ್ಥ.

ನಮ್ಮ ಅಬ್ಬಾ ಅವರದು ಬೈಕ್ ಬಿಡಿಭಾಗಗಳ ಚಿಕ್ಕ ಅಂಗಡಿ. ಲೆಕ್ಕ ಟ್ಯಾಲಿಯಲ್ಲಿದೆ. ಮೆಕ್ಯಾನಿಕ್‌ಗಳು ಸಾಮಾನು ಒಯ್ದು ತಿಂಗಳ ಕೊನೆಗೆ ಹಣ ಕೊಡುತ್ತಾರೆ. ಹಾಗಾಗಿ ಯಾವಾಗಲೂ ಎರಡು ಲಕ್ಷಕ್ಕಿಂತ ಹೆಚ್ಚು ಉಧಾರ್ ಹೊರಗಿರುತ್ತದೆ. ಮಾಮು ಒಂದು ಪದ್ಧತಿ ಮಾಡಿಕೊಟ್ಟಿದ್ದರು. ಎರಡು ದಿನಕ್ಕೊಮ್ಮೆ ಪೆನ್ ಡ್ರೈವ್‌ಗೆ ಬ್ಯಾಕಪ್ ತೆಗೆದು ಮನೆಗೆ ತರಬೇಕು. ತಿಂಗಳಿಗೊಮ್ಮೆ ಅದನ್ನು ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ರೀಸ್ಟೋರ್ ಮಾಡಿ ಟ್ರಯಲ್ ಬ್ಯಾಲೆನ್ಸ್ ತೆರೆದು, ಅಂಗಡಿಯಲ್ಲಿ ಬರೆದುಕೊಂಡ ಮೊತ್ತದ ಜೊತೆ ತಾಳೆ ನೋಡಬೇಕು. ಅಬ್ಬಾ ಅವರಿಗೆ ಇದು ಕಿರಿಕಿರಿ. ಆದರೂ ಮಾಡುತ್ತಿದ್ದರು.

ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಹಾರ್ಡ್ ಡಿಸ್ಕ್ ಕೂಡ ಉಳಿಯಲಿಲ್ಲ. ಅಂದು ಸಂಜೆಯೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕವೆಲ್ಲ ತೆರೆಯಿತು. ಎರಡು ದಿನಗಳ ವ್ಯವಹಾರ ಮಾತ್ರ ಕಡಿಮೆ ಇತ್ತು. ಅದನ್ನು ಬಿಲ್ ಪುಸ್ತಕದ ಕಾರ್ಬನ್ ಪ್ರತಿ ನೋಡಿ ನಾನೇ ಟೈಪ್ ಮಾಡಿದೆ. ಆ ಉಧಾರ್ ಲೆಕ್ಕ ಹೋಗಿದ್ದರೆ ಯಾರು ಎಷ್ಟು ಕೊಡಬೇಕು ಎಂದು ಕೇಳುವುದು ಹೇಗೆ? ನನ್ನ ಮತ್ತು ತಂಗಿಯ ಕಾಲೇಜು, ಶಾಲೆಯ ಫೀಸು ಅದೇ ಹಣದಿಂದ ಬರುತ್ತದೆ. ಮಾಮುವಿಗೆ ಫೋನ್ ಮಾಡಿ ಹೇಳಿದಾಗ ಅವರು ಸಂತೋಷಪಡಲೂ ಇಲ್ಲ. "ಹೊಸ ಕಂಪ್ಯೂಟರ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ" ಎಂದರು.

3. ಕ್ಲೌಡ್ ಎಂದರೆ ಆಕಾಶವಲ್ಲ

ಫೋಟೋ ಕ್ಲೌಡ್‌ನಲ್ಲಿದೆ, ನೋಟ್ಸ್ ವಾಟ್ಸಾಪ್ ಗ್ರೂಪ್‌ನಲ್ಲಿದೆ ಎಂದು ನಾವು ನಿಶ್ಚಿಂತೆಯಾಗಿರುತ್ತೇವೆ. ಕ್ಲೌಡ್ ಎಂದರೆ ಬೇರೆ ಯಾರದೋ ಕಂಪ್ಯೂಟರ್, ಅಷ್ಟೇ ಎಂಬುದು ಸಿಸ್ ಅಡ್ಮಿನ್‌ಗಳ ನಡುವೆ ಪ್ರಸಿದ್ಧವಾದ ಮಾತು. ಅದು ನಮ್ಮದಕ್ಕಿಂತ ಚೆನ್ನಾಗಿ ನೋಡಿಕೊಂಡ ಕಂಪ್ಯೂಟರ್ ಎಂಬುದೂ ನಿಜ. ಆದರೆ ಅದರ ಬೀಗದ ಕೈ ನಮ್ಮ ಬಳಿ ಇಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ನಿಂತುಹೋದವು. ನಮ್ಮಲ್ಲಿ ಆಗ ರಾತ್ರಿ ಒಂಬತ್ತು ಗಂಟೆ ಕಳೆದಿತ್ತು. ದಿನನಿತ್ಯದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಆ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕ ಕಡಿದು, ಇಂಟರ್‌ನೆಟ್‌ಗೆ ಅವರ ವಿಳಾಸವೇ ಸಿಗದಂತಾಯಿತು. ಒಳಗಿನ ವ್ಯವಸ್ಥೆಗಳೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ಸರಿಪಡಿಸುವುದೂ ತಡವಾಯಿತು. ಆ ರಾತ್ರಿ ಮರುದಿನದ ಪರೀಕ್ಷೆಯ ನೋಟ್ಸ್‌ಗಾಗಿ ವಾಟ್ಸಾಪ್ ಗ್ರೂಪನ್ನೇ ನಂಬಿ ಕುಳಿತವರು ಏನು ಮಾಡಿರಬೇಕು?

4. ಶುಕ್ರವಾರ ಏನನ್ನೂ ಬದಲಾಯಿಸಬೇಡಿ

ಸರ್ವರ್ ಕೋಣೆಯ ಹಳೆಯ ನಿಯಮವಿದು. ಶುಕ್ರವಾರ ಬದಲಾವಣೆ ಮಾಡಿದರೆ, ಅದು ಕೆಡುವುದು ಶನಿವಾರ, ಎಲ್ಲರೂ ರಜೆಯಲ್ಲಿರುವಾಗ.

2024ರ ಜುಲೈ 19 ಶುಕ್ರವಾರವೇ ಆಗಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ದೋಷದ ಫೈಲನ್ನು ಕಂಪನಿ 78 ನಿಮಿಷಗಳಲ್ಲಿ ಹಿಂತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ನಿಂತುಹೋಗಿದ್ದ ಹೆಚ್ಚಿನ ಕಂಪ್ಯೂಟರ್‌ಗಳನ್ನು ದೂರದಿಂದ ಸರಿಪಡಿಸಲು ಆಗಲಿಲ್ಲ. ಒಂದೊಂದರ ಮುಂದೆಯೂ ಒಬ್ಬ ಮನುಷ್ಯ ಕುಳಿತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲನ್ನು ಅಳಿಸಬೇಕಾಯಿತು.

ಇದರಿಂದ ಅಪ್‌ಡೇಟ್ ಮಾಡಲೇಬಾರದು ಎಂದು ತಿಳಿಯಬಾರದು. ಅಪ್‌ಡೇಟ್ ಇಲ್ಲದಿದ್ದರೆ ವೈರಸ್‌ಗಳಿಗೆ ಬಾಗಿಲು ತೆರೆದಂತೆ. ಆದರೆ ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ ಮೊಬೈಲನ್ನೋ ಕಂಪ್ಯೂಟರನ್ನೋ ಅಪ್‌ಡೇಟ್‌ಗೆ ಹಾಕಬೇಡಿ.

5. ಹಳೆಯದನ್ನು ಎಸೆಯಬೇಡ, ಕಣ್ಣುಮುಚ್ಚಿ ನಂಬಲೂ ಬೇಡ

ಆದಾಯ ತೆರಿಗೆಯ ನಿಯಮಗಳಲ್ಲಿ ಕಂಪ್ಯೂಟರ್‌ಗೆ ಸವಕಳಿ ದರ ಶೇ. 40. ಅಂದರೆ 50,000 ರೂಪಾಯಿಯ ಕಂಪ್ಯೂಟರ್‌ನ ಪುಸ್ತಕ ಮೌಲ್ಯ ಮೂರು ಪೂರ್ಣ ವರ್ಷಗಳಲ್ಲಿ 10,800 ರೂಪಾಯಿಗೆ ಇಳಿಯುತ್ತದೆ. "ಆದರೆ ಆ ವಿಷಯ ಕಂಪ್ಯೂಟರ್‌ಗೆ ಗೊತ್ತಿಲ್ಲ, ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ" ಎಂದು ಮಾಮು ನಗುತ್ತಾರೆ. ನಿಧಾನವಾದ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ, ಸ್ವಲ್ಪ ರಾಮ್ ಸೇರಿಸಿದರೆ ಇನ್ನೂ ಕೆಲವು ವರ್ಷ ಸಾಗಬಹುದು.

ನಂಬಬೇಡ ಎನ್ನುವುದಕ್ಕೂ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅನೇಕ ಹಳೆಯ ಯಂತ್ರಗಳಲ್ಲಿ ವಿಂಡೋಸ್ 11 ನಡೆಯುವುದಿಲ್ಲ. ಅಂಥವುಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ನಾನು ಈ ಲೇಖನವನ್ನು ಟೈಪ್ ಮಾಡಿದ್ದೂ ಅಂಥದೇ ಲ್ಯಾಪ್‌ಟಾಪ್‌ನಲ್ಲಿ.

6. ಅವಸರವೇ ಗುರುತು

ಪಾಸ್‌ವರ್ಡ್ ಬಗ್ಗೆ ಮಾಮು ಹೇಳುವುದು ಒಂದೇ, ಅದು ಉದ್ದವಾಗಿರಲಿ. ಅಕ್ಷರ, ಅಂಕಿ, ಚಿಹ್ನೆ ಬೆರೆಸಿ ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎಂಬ ಸಲಹೆ ಬಹಳ ಕಾಲ ನಡೆದಿತ್ತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ಅದನ್ನು ಕೈಬಿಟ್ಟಿತು. ಪದೇ ಪದೇ ಬದಲಾಯಿಸಬೇಕಾದಾಗ ಜನ ಕೊನೆಗೆ 1, 2, 3 ಎಂದು ಸೇರಿಸುತ್ತಾರೆ, ಅದನ್ನು ಊಹಿಸುವುದು ಸುಲಭ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಸೇರಿಸಿದರೆ ನೆನಪಿಡಲೂ ಸುಲಭ, ಮುರಿಯಲೂ ಕಷ್ಟ.

ಆದರೆ ಇಂದು ಮೋಸಗಾರರು ಪಾಸ್‌ವರ್ಡ್ ಮುರಿಯುವುದೇ ಇಲ್ಲ, ಕೇಳಿ ಪಡೆಯುತ್ತಾರೆ. ಬ್ಯಾಂಕ್, ಪೊಲೀಸ್, ಕೊರಿಯರ್ ಎಂದು ಹೇಳಿಕೊಂಡು ಬರುವ ಕರೆಗಳಲ್ಲೆಲ್ಲ ಸಾಮಾನ್ಯವಾದದ್ದು ಅವಸರ. ಈಗಲೇ ಒಟಿಪಿ ಹೇಳಿ, ಈಗಲೇ ಹಣ ಹಾಕಿ, ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಮಾಮು ನಮ್ಮ ನಾನಿಗೆ ಕಲಿಸಿದ್ದು ಇಷ್ಟೇ: ಅವಸರಪಡಿಸುವವರ ಫೋನ್ ಇಟ್ಟುಬಿಡಿ, ಚಹಾ ಕುಡಿಯಿರಿ, ಆಮೇಲೆ ಮನೆಯವರನ್ನು ಕೇಳಿ. ಹಣ ಹೋಗಿದ್ದರೆ ಮಾತ್ರ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ನಾವು ಮಾಡಬಹುದಾದದ್ದು

ಸಿಸ್ ಅಡ್ಮಿನ್ ಕೆಲಸದ ಕಷ್ಟವೆಂದರೆ, ಎಲ್ಲ ಸರಿಯಿದ್ದಾಗ ಅವರು ಏನು ಮಾಡುತ್ತಿದ್ದಾರೆ ಎಂಬುದೇ ಯಾರಿಗೂ ಕಾಣುವುದಿಲ್ಲ. ಏನಾದರೂ ಕೆಟ್ಟಾಗ ಎಲ್ಲರ ಬೆರಳೂ ಅವರ ಕಡೆಗೇ. 2000ನೇ ಇಸವಿ ಬಂದಾಗ ಕಂಪ್ಯೂಟರ್‌ಗಳೆಲ್ಲ ದಿನಾಂಕ ತಪ್ಪಿ ನಿಂತುಹೋಗುತ್ತವೆ ಎಂಬ ಭಯವಿತ್ತು. ದೊಡ್ಡ ಅನಾಹುತವೇನೂ ಆಗಲಿಲ್ಲ. ಸುಮ್ಮನೆ ಹೆದರಿಸಿದರು ಎಂದು ಹಲವರು ಹೇಳಿದರು. ಆದರೆ ಅದಕ್ಕೂ ಮೊದಲು ಸಾವಿರಾರು ಜನ ವರ್ಷಗಟ್ಟಲೆ ಕುಳಿತು ಪ್ರೋಗ್ರಾಮ್‌ಗಳನ್ನು ತಿದ್ದಿದ್ದರು. ನಮ್ಮ ಭಾರತದ ಕಂಪನಿಗಳಿಗೂ ಆ ಕೆಲಸದಲ್ಲಿ ದೊಡ್ಡ ಪಾಲಿತ್ತು. ಆಗದೆ ಹೋದ ತೊಂದರೆಗೆ ಲೆಕ್ಕಪುಸ್ತಕದಲ್ಲಿ ಖಾತೆ ಇಲ್ಲ, ಆದರೆ ಅದೂ ಒಂದು ಲಾಭವೇ.

ಕಳೆದ ವರ್ಷ ನನ್ನ ಗೆಳೆಯನೊಬ್ಬನ ಮೊಬೈಲ್ ಬಸ್ಸಿನಲ್ಲಿ ಕಳೆದುಹೋಯಿತು. ಆದಾಯ ಪ್ರಮಾಣಪತ್ರದ ಮೂಲ ಪ್ರತಿ ಮನೆ ಬದಲಿಸುವಾಗಲೇ ಕಾಣೆಯಾಗಿತ್ತು, ಇದ್ದದ್ದು ಆ ಮೊಬೈಲ್‌ನ ಫೋಟೋ ಮಾತ್ರ. ಹೊಸ ಪತ್ರ ಕೈಗೆ ಬರುವಷ್ಟರಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನ ಮುಗಿದಿತ್ತು. ಈಗ ಅವನು ಸಂಜೆ ಕಾಲೇಜು ಬಿಟ್ಟ ಮೇಲೆ ಕೆಲಸಕ್ಕೆ ಹೋಗುತ್ತಿದ್ದಾನೆ.

ಆದ್ದರಿಂದ ಗೆಳೆಯರೇ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಇಷ್ಟನ್ನು ಈ ವಾರ ಸ್ಕ್ಯಾನ್ ಮಾಡಿ. ಒಂದು ಪ್ರತಿ ಮೊಬೈಲ್‌ನಲ್ಲಿ, ಒಂದು ನಿಮ್ಮ ಇಮೇಲ್‌ನಲ್ಲಿ, ಒಂದು ಜೆರಾಕ್ಸ್ ಹತ್ತಿರದ ಬಂಧುಗಳ ಮನೆಯಲ್ಲಿ ಇರಲಿ. ಆಮೇಲೆ ಇಮೇಲ್‌ನಲ್ಲಿರುವ ಪ್ರತಿಯನ್ನು ಬೇರೆಯವರ ಮೊಬೈಲ್‌ನಲ್ಲಿ ಒಮ್ಮೆ ತೆರೆಯಿರಿ. ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆಯೇ, ನಾಲ್ಕೂ ಮೂಲೆ ಬಂದಿದೆಯೇ ಎಂದು ನೋಡಿ, ಮರೆಯದೆ ಲಾಗೌಟ್ ಮಾಡಿ. ಹತ್ತು ನಿಮಿಷದ ಕೆಲಸ.

ಇನ್ನೊಂದು ವಿಷಯ. ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ಶುಕ್ರವಾರವನ್ನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗಳಿಗೆ ಧನ್ಯವಾದ ಹೇಳುವ ದಿನವಾಗಿ 2000ದಿಂದ ಆಚರಿಸುತ್ತಾರೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಬೆಳಿಗ್ಗೆ ನಾವು ಬರುವ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಸಿದ್ಧ ಮಾಡುವವರು ಯಾರೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಈ ಸಲದ ಆ ಶುಕ್ರವಾರ ಅವರಿಗೊಂದು ಸಲಾಂ ಹೇಳೋಣ.